ಸತ್ತವರ ಸಾಲ ಯಾರ ಹೆಗಲಿಗೆ?

ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಕಡೆಯ ಹಿರಿಯರು ‘ಪಾಪ, ಅವರ ಋಣ ತೀರಿತು’ ಎನ್ನುತ್ತಾರೆ. ಮಣ್ಣಿನ ಋಣ, ಅನ್ನ-ನೀರಿನ ಋಣ, ಹೆಂಡತಿ ಮಕ್ಕಳ ಋಣ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತವೆ. ಆದರೆ ಅದೇ ಮನೆಯ ಜಗುಲಿಯ ಮೇಲೆ ಕುಳಿತ ಇನ್ನೊಬ್ಬರು ಪಕ್ಕದವರ ಕಿವಿಯಲ್ಲಿ, ‘ಸಾಲ ಗೀಲ ಏನಾದರೂ ಇತ್ತೇನೋ?’ ಎಂದು ಕೇಳುವುದೂ ಉಂಟು. ಋಣ ತೀರಿದರೂ ಸಾಲ ತೀರುವುದಿಲ್ಲವೆಂಬುದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಅದು ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಮಾತ್ರ ಬಹುಮಂದಿಗೆ ಸರಿಯಾಗಿ ತಿಳಿದಿಲ್ಲ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಪಾಠ ಹೇಳಿದ ನನಗೂ ತಿಳಿದಿರಲಿಲ್ಲ. ತಿಳಿಯದೆ ಒಂದು ತಪ್ಪು ಮಾಡಿದೆ. ಅದನ್ನು ಬರೆಯಬೇಕೆಂದು ಎರಡು ಮೂರು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೆ, ಇಂದು ಕುಳಿತಿದ್ದೇನೆ.

ಮೊದಲು ನಮ್ಮ ಮನೆಯದೇ ಕಥೆ. ನನ್ನ ತಂದೆಯವರು ತೀರಿಕೊಂಡದ್ದು 1979ರ ಶ್ರಾವಣದಲ್ಲಿ. ನಾನಾಗ ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಿ.ಎಡ್. ಸೇರುವ ಯೋಚನೆಯಲ್ಲಿದ್ದೆ. ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಎರಡೂವರೆ ಎಕರೆ ತೆಂಗಿನ ತೋಟವೇ ನಮ್ಮ ಬದುಕು. ಕೊಬ್ಬರಿಯ ಬೇಸಾಯ ಬಲ್ಲವರಿಗೆ ಅದರ ಕಷ್ಟ ಗೊತ್ತು. ಕೊಯ್ದ ಕಾಯನ್ನು ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು, ಚೀಲ ತುಂಬಿ ತಿಪಟೂರಿನ ಮಂಡಿಗೆ ಗಾಡಿ ಹೂಡಬೇಕು. ಆ ಹತ್ತು ಹನ್ನೊಂದು ತಿಂಗಳಲ್ಲಿ ಮನೆಯಲ್ಲಿ ಮದುವೆ ಬಂದೀತು, ಬಾಣಂತನ ಬಂದೀತು, ಕಾಯಿಲೆ ಬಂದೀತು. ಆಗ ಮಂಡಿಯವರಲ್ಲಿ ಮುಂಗಡ ತರುವುದು. ಕೊಬ್ಬರಿ ಆದಾಗ ಅವರ ಮಂಡಿಗೇ ಹಾಕುವುದು. ನಮ್ಮ ತಂದೆಯವರು ಅಕ್ಕನ ಮದುವೆಗೆಂದು ಹೀಗೆ 3,200 ರೂಪಾಯಿ ತಂದಿದ್ದರು. ಅದು ನಮಗೆ ಅವರು ಸತ್ತ ಮೇಲೆಯೇ ಗೊತ್ತಾದದ್ದು.

ಹನ್ನೊಂದನೆಯ ದಿನದ ತಿಥಿಗೆ ಮಂಡಿಯ ಸಾಹುಕಾರರೇ ಬಂದರು. ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಸಾಲದ ಮಾತೆತ್ತಲಿಲ್ಲ. ಮಾತೆತ್ತಿದವರು ನನ್ನ ತಾಯಿ. ಬಾಗಿಲ ಮರೆಯಲ್ಲಿ ನಿಂತು, ‘ನಮ್ಮ ಲೆಕ್ಕ ಎಷ್ಟಿದೆ ಹೇಳಿಬಿಡಿ ಸಾವ್ಕಾರ್ರೇ’ ಎಂದರು. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. ‘ಕಾಗದ ಪತ್ರ ಏನಾದರೂ ಐತಾ ಅಂತ ಮೊದಲು ಕೇಳಿ ಅತ್ತಿಗೆ’ ಎಂದ. ನನ್ನ ತಾಯಿ, ‘ಕಾಗದ ಅವರ ಹತ್ರ ಇರಲಿ ಬಿಡು. ಮದುವೆಯಲ್ಲಿ ಉಂಡೋರು ನಾವೇ ತಾನೆ?’ ಎಂದರು. ಎರಡು ವರ್ಷದ ಕೊಬ್ಬರಿಯಲ್ಲಿ ಆ ಸಾಲ ಬಡ್ಡಿ ಸಮೇತ ತೀರಿತು. ನನ್ನ ಬಿ.ಎಡ್. ಅಷ್ಟು ಕಾಲ ಮುಂದಕ್ಕೆ ಹೋಯಿತು.

ಈ ಪ್ರಸಂಗವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ‘ಇದು ನನ್ನ ತಾಯಿ ಕಲಿಸಿದ ಪಾಠ’ ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ. ಆ ಹೆಮ್ಮೆಯೇ ಮುಂದೆ ನನ್ನ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು.

ಆ ಪಾಠದ ಜೊತೆಗೆ ಹೇಳಬೇಕಾಗಿದ್ದ ಇನ್ನೊಂದು ಪ್ರಸಂಗವನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿದವನಲ್ಲ. 1970ರ ಸುಮಾರು, ನಾನು ಏಳನೆಯ ತರಗತಿಯಲ್ಲಿದ್ದಾಗ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ಬಿಟ್ಟ. ಅವನ ಅಪ್ಪ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದವನು. ಹಾವು ಕಚ್ಚಿ ಸತ್ತಿದ್ದ. ಅವನು ತೆಗೆದುಕೊಂಡಿದ್ದ ಸಾಲ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ, ಆ ಮನೆಯವರ ಬಾಯಲ್ಲಿ ಬಂದದ್ದೇ ಲೆಕ್ಕ. ಅಪ್ಪ ಸತ್ತ ತಿಂಗಳೊಳಗೆ ಮಗ ಅದೇ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಅವನಿಗೆ ತೋಟವಿರಲಿಲ್ಲ, ಅಟ್ಟದ ಮೇಲೆ ಕಾಯಿ ಇರಲಿಲ್ಲ. ಆಸ್ತಿ ಇಲ್ಲದವನು ಮೈಯನ್ನೇ ಕೊಡಬೇಕಾಗಿತ್ತು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಜೀತಪದ್ಧತಿ ನಿರ್ಮೂಲನಾ ಕಾಯಿದೆಯಾಯಿತು. ಜೀತದ ಸಾಲ ತೀರಿಸುವ ಹೊಣೆಯೇ ಅಂದಿಗೆ ಅಳಿಯಿತೆಂದು ಕಾಯಿದೆ ಹೇಳಿತು. ಇದನ್ನು ನಾನು ಪಾಠ ಮಾಡಿದ್ದೇನೆ. ಆದರೆ ಆ ಹುಡುಗ ಮತ್ತೆ ನನ್ನ ಪಕ್ಕದಲ್ಲಿ ಬಂದು ಕೂರಲಿಲ್ಲ. ನನ್ನ ತಾಯಿಯ ಪ್ರಾಮಾಣಿಕತೆಗೂ ಅವನ ಜೀತಕ್ಕೂ ಇದ್ದ ವ್ಯತ್ಯಾಸವನ್ನು ನಾನು ಆಗಲೇ ಯೋಚಿಸಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ಹೆಸರು ಬೇಡ. ಕಪ್ಪುಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಬರೆಯುತ್ತಿದ್ದವರು. 1998ರಲ್ಲಿ ಅವರು ನೌಕರರ ಪತ್ತಿನ ಸಹಕಾರ ಸಂಘವೊಂದರಲ್ಲಿ 40,000 ರೂಪಾಯಿ ಸಾಲ ತೆಗೆದರು. ಇಬ್ಬರು ಜಾಮೀನುದಾರರು ಬೇಕಾಗಿತ್ತು. ನಾನು ಒಬ್ಬ, ನಮ್ಮ ಹಿಂದಿ ಮೇಷ್ಟ್ರು ಇನ್ನೊಬ್ಬರು. ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ಸಹಿ ಹಾಕಿದೆವು, ಓದಿ ನೋಡಲಿಲ್ಲ. ಸಹೋದ್ಯೋಗಿಯ ಕಾಗದವನ್ನು ಓದಿ ಸಹಿ ಹಾಕುವುದು ಅವಮಾನ ಮಾಡಿದಂತೆ ಎಂಬ ಭಾವನೆ ಆಗ ನಮ್ಮಲ್ಲಿತ್ತು, ಈಗಲೂ ಇದೆ. ಮರುವರ್ಷವೇ ಅವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತನಾಲ್ಕು. ಮಗಳು ಒಂಬತ್ತನೆಯ ತರಗತಿ, ನನ್ನದೇ ವಿದ್ಯಾರ್ಥಿನಿ. ಮಗ ಇನ್ನೂ ಚಿಕ್ಕವನು.

ಎರಡು ತಿಂಗಳಾದ ಮೇಲೆ ಸಂಘದಿಂದ ನೋಟೀಸು ಬಂತು. ಬಾಕಿಯನ್ನು ಇಬ್ಬರು ಜಾಮೀನುದಾರರ ಸಂಬಳದಿಂದ ಸಮವಾಗಿ ಮುರಿದುಕೊಳ್ಳುವುದಾಗಿ ತಿಳಿಸಿದ್ದರು. ನನ್ನ ಪಾಲಿಗೆ ಬಡ್ಡಿ ಸೇರಿ ತಿಂಗಳಿಗೆ 750ರಂತೆ ಇಪ್ಪತ್ತನಾಲ್ಕು ತಿಂಗಳು. ಒಟ್ಟು 18,000. ನನಗೆ ಆಗ ಎರಡು ಮಕ್ಕಳ ಓದು, ಹಾಸನದಲ್ಲಿ ಅರ್ಧ ಕಟ್ಟಿದ ಮನೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸತ್ತವರ ಮೇಲೆ ಸಿಟ್ಟು, ಸಂಘದ ಮೇಲೆ ಸಿಟ್ಟು. ಹಿಂದಿ ಮೇಷ್ಟ್ರ ಹತ್ತಿರ ಹೋಗಿ, ‘ಬನ್ನಿ ಸಾರ್, ಇಬ್ಬರೂ ಹೋಗಿ ಅವರ ಮನೆಯವರನ್ನು ಕೇಳೋಣ. ಪಿ.ಎಫ್. ಬಂದಿರುತ್ತೆ, ಪಿಂಚಣಿ ಬರುತ್ತೆ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೈ ಹಾಕಿದ್ದು ನಾನು, ನೀವು. ಆ ತಾಯಿ ಹಾಕಿಲ್ಲವಲ್ಲ. ನಾನು ಬರೋದಿಲ್ಲ ಮೇಷ್ಟ್ರೇ’ ಎಂದರು. ಅವರ ತಂದೆ ತೀರಿಕೊಂಡಾಗ ನಾನು ಖಬರಸ್ತಾನಕ್ಕೆ ಹೋಗಿದ್ದೆ. ನಮಾಜಿಗೆ ಮುಂಚೆ ಇವರು ಜನರೆದುರು ನಿಂತು, ನಮ್ಮ ತಂದೆಯವರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನನ್ನ ಹತ್ತಿರ ಬನ್ನಿ ಎಂದು ಹೇಳಿದ್ದನ್ನು ಕೇಳಿದ್ದೆ. ಅವರ ಧರ್ಮದಲ್ಲಿ ಶವಸಂಸ್ಕಾರದ ಖರ್ಚು ಕಳೆದು, ಮೊದಲು ಸಾಲ ತೀರಿಸಿ, ಆಮೇಲೆ ಉಯಿಲು, ಕೊನೆಗೆ ವಾರಸುದಾರರ ಪಾಲು ಎಂಬ ಕ್ರಮವಿದೆ. ಸಾಲದ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಮನುಷ್ಯರೇ ಹೀಗೆಂದದ್ದು ನನಗೆ ವಿಚಿತ್ರವಾಗಿ ಕಂಡಿತು. ‘ಇವರಿಗೇನು, ಹೆಂಡತಿಗೂ ಸಂಬಳ ಬರುತ್ತದೆ’ ಎಂದುಕೊಂಡು ನಾನೊಬ್ಬನೇ ಹೋದೆ.

ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಅವರ ಶ್ರೀಮತಿಯವರು ಚಾಪೆ ಹಾಸಿ ಕೂರಿಸಿ ನೀರು ಕೊಟ್ಟರು. ನಾನು ನನ್ನ ತಾಯಿಯ ಕಥೆಯನ್ನು ಅವರಿಗೆ ಹೇಳಿದೆ. ಹೌದು, ಅಲ್ಲಿಯೂ ಹೇಳಿದೆ. ಸತ್ತವರ ಆತ್ಮಕ್ಕೆ ಸಾಲದ ಭಾರ ಇರಬಾರದು ಎಂದೆ. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದೆ. ‘ನನ್ನ ಪತಿಯವರ ಬಾಬ್ತು 18,000 ರೂಪಾಯಿಗಳನ್ನು ತಿಂಗಳಿಗೆ 500ರಂತೆ ನಾನು ಸಲ್ಲಿಸುತ್ತೇನೆ’ ಎಂದು ಮನೆಯಲ್ಲಿಯೇ ಬರೆದುಕೊಂಡು, ರೆವಿನ್ಯೂ ಸ್ಟಾಂಪು ಅಂಟಿಸಿಕೊಂಡು ಹೋಗಿದ್ದೆ. ಅವರು ಓದಿದರು. ಏನೂ ಕೇಳಲಿಲ್ಲ. ಸಹಿ ಹಾಕಿದರು. ಒಳಬಾಗಿಲಲ್ಲಿ ಮಗಳು ನಿಂತಿದ್ದಳು.

ಮೂರು ವರ್ಷ, ಕುಟುಂಬ ಪಿಂಚಣಿ ಬಂದ ಮೇಲೆ ಪ್ರತಿ ತಿಂಗಳೂ, ಆ ತಾಯಿ ಶಾಲೆಗೆ ಬಂದು ಸ್ಟಾಫ್ ರೂಮಿನ ಹೊರಗೆ ನಿಂತು, ಲಕೋಟೆಯಲ್ಲಿ 500 ರೂಪಾಯಿ ಕೊಟ್ಟು ಹೋಗುತ್ತಿದ್ದರು. ಒಂದು ತಿಂಗಳೂ ತಪ್ಪಲಿಲ್ಲ. ನಾನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಹಣ ಪೂರ್ತಿ ಬಂದ ದಿನ ಹೆಂಡತಿಗೆ ಹೇಳಿದೆ: ‘ಒಳ್ಳೆಯ ಮನೆತನ, ಪ್ರಾಮಾಣಿಕ ಜನ.’

ಇದೆಲ್ಲ ಮರೆತೇ ಹೋಗಿತ್ತು. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಬೆಂಗಳೂರಿನಲ್ಲಿದ್ದ ನನ್ನ ಅಕ್ಕನ ಮಗ ತೀರಿಕೊಂಡ. ಮೂವತ್ತೆಂಟು ವರ್ಷ. (ಅವನ ತಾಯಿಯ ಮದುವೆಗೇ ನಮ್ಮ ತಂದೆ ಮಂಡಿಯಿಂದ ಹಣ ತಂದದ್ದು.) ಹದಿನೈದು ದಿನ ಕಳೆದಿತ್ತೋ ಇಲ್ಲವೋ, ಅವನ ಹೆಂಡತಿಗೆ ಫೋನುಗಳು ಶುರುವಾದವು. ಒಂದು ವೈಯಕ್ತಿಕ ಸಾಲ, ಒಂದು ಕ್ರೆಡಿಟ್ ಕಾರ್ಡಿನ ಬಾಕಿ, ಒಂದು ಒಡವೆ ಸಾಲ. ಬೆಳಗ್ಗೆ ಆರಕ್ಕೂ ಫೋನು, ರಾತ್ರಿ ಹತ್ತಕ್ಕೂ ಫೋನು. ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿತು. ನಮ್ಮ ಹುಡುಗಿಯ ಪಾಲಿಗೆ ಅದು ತಡವಾಗಿ ಬಂತು. ‘ಗಂಡನ ಸಾಲ ಹೆಂಡತಿ ಕಟ್ಟದೆ ಇನ್ಯಾರು ಕಟ್ಟುತ್ತಾರೆ?’ ಎಂಬುದು ಅವರ ಮಾತು. ಕೊನೆಗೆ ಒಬ್ಬ ಮನೆಗೇ ಬಂದು, ಸೌಜನ್ಯದಿಂದಲೇ, ‘ಬಡ್ಡಿ ಬಿಡಿಸಿಕೊಡುತ್ತೇನೆ ಮೇಡಂ, ಕಂತಿನಲ್ಲಿ ಕಟ್ಟುತ್ತೇನೆಂದು ಇದರಲ್ಲಿ ಒಂದು ಸಹಿ ಮಾಡಿ’ ಎಂದು ಕಾಗದ ಕೊಟ್ಟುಹೋದ. ಅವಳು ಅದರ ಫೋಟೋ ತೆಗೆದು ನನಗೆ ಕಳಿಸಿ, ‘ಮಾವ, ಸಹಿ ಹಾಕಲೇ?’ ಎಂದು ಕೇಳಿದಳು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಸನದಲ್ಲಿ ವಕೀಲ. ಅವನಿಗೆ ಫೋನು ಮಾಡಿದೆ. ಅವನು ಮೊದಲು ಹೇಳಿದ ಮಾತೇ ಇದು: ‘ಸಾರ್, ಸಹಿ ಮಾತ್ರ ಹಾಕಿಸಬೇಡಿ. ಸಹಿ ಹಾಕುವವರೆಗೆ ಅದು ಸತ್ತವರ ಸಾಲ. ಹಾಕಿದರೆ ಅದನ್ನೇ ಹಿಡಿದುಕೊಂಡು ಅವರ ಸಾಲ ಮಾಡಿಬಿಡುತ್ತಾರೆ. ಈ ಕೆಲಸ ಮಾಡೋರು ದುಃಖದಲ್ಲಿರೋ ಹೆಂಗಸರನ್ನೇ ನೋಡ್ಕೊಂಡು ಹೋಗ್ತಾರೆ.’

ಫೋನು ನನ್ನ ಕೈಯಲ್ಲಿಯೇ ಇತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಆ ಚಾಪೆ, ಆ ರೆವಿನ್ಯೂ ಸ್ಟಾಂಪು ಕಣ್ಣಮುಂದೆ ಬಂದವು. ಅವನು ಆಚೆಯಿಂದ ‘ಸಾರ್, ಕೇಳಿಸ್ತಿದೆಯಾ?’ ಎನ್ನುತ್ತಿದ್ದ.

ಆಮೇಲೆ ಅವನ ಆಫೀಸಿಗೆ ನಾಲ್ಕೈದು ಬಾರಿ ಹೋಗಿ ಕುಳಿತು ಕಲಿತೆ. ಅವನು ಗುರು, ನಾನು ಶಿಷ್ಯ. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಕಾನೂನು ಕೇಳುವ ಮೊದಲ ಪ್ರಶ್ನೆ ‘ಸತ್ತವನಿಗೆ ಯಾರಿದ್ದಾರೆ?’ ಎಂದಲ್ಲ, ‘ಸತ್ತವನು ಏನು ಬಿಟ್ಟುಹೋದ?’ ಎಂದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಮುಗಳ ಪ್ರಕಾರ, ಸಾಲ ಕೊಟ್ಟವನು ಸತ್ತವನ ವಾರಸುದಾರರ ಮೇಲೆ ದಾವೆ ಹೂಡಬಹುದು, ಡಿಕ್ರಿಯನ್ನೂ ಪಡೆಯಬಹುದು. ಆದರೆ ವಸೂಲಿ ಮಾಡಬೇಕಾದದ್ದು ಸತ್ತವನ ಆಸ್ತಿಯಲ್ಲಿ ಅವರ ಕೈಗೆ ಬಂದದ್ದು ಎಷ್ಟೋ ಅಷ್ಟರಿಂದ ಮಾತ್ರ. ಹತ್ತು ಲಕ್ಷ ಸಾಲ ಬಿಟ್ಟು ಎರಡು ಲಕ್ಷದ ಆಸ್ತಿ ಬಿಟ್ಟಿದ್ದರೆ ಸಾಲಗಾರನಿಗೆ ಸಿಗುವುದು ಎರಡು ಲಕ್ಷ. ಹೆಂಡತಿಯ ಸ್ವಂತ ಸಂಬಳ, ಅವಳ ತವರಿನ ಒಡವೆ, ಮಗ ದುಡಿದು ಕೊಂಡ ಸೈಟು, ಇವಕ್ಕೆ ಕೈ ಹಾಕುವಂತಿಲ್ಲ. ಹಾಗೆಂದು ವಾರಸುದಾರರು ಸತ್ತವನ ಆಸ್ತಿಯನ್ನು ತರಾತುರಿಯಲ್ಲಿ ಮಾರಿ, ದುಡ್ಡು ಕರಗಿಸಿ, ಏನೂ ಬರಲಿಲ್ಲವೆಂದು ಕೈ ಝಾಡಿಸಿದರೆ ನಡೆಯದು. ಆ ಮಟ್ಟಿಗೆ ಅವರೇ ಹೊಣೆ. ಆದಾಯ ತೆರಿಗೆ ಇಲಾಖೆಯ ಬಾಕಿಗೂ ಇದೇ ಮಿತಿ.

ಇನ್ನು ಅಡಮಾನ. ಮನೆ, ಜಮೀನು, ಒಡವೆ ಅಡವಿಟ್ಟು ತಂದ ಸಾಲ ಆ ವಸ್ತುವಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಳ್ಳಿಯವರು ಖಾತೆ ಬದಲಾವಣೆಗೆ ಓಡುವ ಮೊದಲು ಪಹಣಿಯಲ್ಲಿ ಋಣಗಳ ಕಲಮಿನಲ್ಲಿ ಏನು ಬರೆದಿದೆಯೆಂದು ನೋಡುವುದು ಒಳ್ಳೆಯದು. ನಮ್ಮ ಹುಡುಗಿಯ ಒಡವೆ ಅವಳದೇ ಆಗಿದ್ದರೂ, ಅವಳೇ ಒಪ್ಪಿ ಕೊಟ್ಟು ಗಂಡ ಅಡವಿಟ್ಟಿದ್ದರಿಂದ, ಅದನ್ನು ಹಣ ಕಟ್ಟಿಯೇ ಬಿಡಿಸಬೇಕಾಯಿತು. ವೈಯಕ್ತಿಕ ಸಾಲ ಕೊಡುವಾಗಲೇ ವಿಮೆಯ ಕಂತನ್ನು ಮುರಿದುಕೊಂಡಿದ್ದರೆಂಬುದು ವಕೀಲ ಹಳೆಯ ಕಾಗದಗಳನ್ನು ತೆಗೆಸಿದಾಗ ಗೊತ್ತಾಯಿತು. ಫೋನು ಮಾಡಿದ ಒಬ್ಬನೂ ಇದನ್ನು ಹೇಳಿರಲಿಲ್ಲ! ವಿಮೆಯವರು ಆ ಸಾಲ ತೀರಿಸಿದರು. ಅವನ ಭವಿಷ್ಯ ನಿಧಿ ಅವಳಿಗೆ ಬಂತು. ಅದನ್ನು ಗಂಡನ ಸಾಲಕ್ಕೆ ಜಪ್ತಿ ಮಾಡಲು ಆಗ ಜಾರಿಯಲ್ಲಿದ್ದ 1952ರ ಕಾಯಿದೆಯೇ ಬಿಡುತ್ತಿರಲಿಲ್ಲ. ಉಳಿದದ್ದು ಕಾರ್ಡಿನ ಬಾಕಿ. ಮರಣ ಪತ್ರದ ಪ್ರತಿ ಇಟ್ಟು, ಅವನು ಬಿಟ್ಟುಹೋದದ್ದು ಒಂದು ಸ್ಕೂಟರ್ ಮತ್ತು ಉಳಿತಾಯ ಖಾತೆಯ ಇಷ್ಟು ಹಣ ಎಂದು ಲೆಕ್ಕ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಫೋನು ಕ್ರಮೇಣ ನಿಂತಿತು.

ಜಾಮೀನಿನ ವಿಷಯ ಬೇರೆ. ಕರಾರು ಕಾಯಿದೆಯ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರ ಸತ್ತರೂ ಅವನು ಬದುಕಿದ್ದಾನಲ್ಲ! ಹಾಗಾಗಿ ಸಂಘದವರು ನನ್ನ ಸಂಬಳ ಮುರಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಟ್ಟಿದ ಮೇಲೆ ಅದನ್ನು ಸಾಲಗಾರನಿಂದ ಕೇಳುವ ಹಕ್ಕು ನನಗೂ ಇತ್ತು, ಅವನ ಆಸ್ತಿಯ ಮಟ್ಟಿಗೆ. ‘ಅವರ ಆಸ್ತಿ ಏನಿತ್ತು ಸಾರ್?’ ಎಂದು ವಕೀಲ ಕೇಳಿದ. ಒಂದು ಹಳೆಯ ಲೂನಾ, ಎರಡು ಕಪಾಟು ಪುಸ್ತಕ. ಮನೆ ಬಾಡಿಗೆಯದು. ‘ಪಿ.ಎಫ್.?’ ಎಂದು ನಾನೇ ಕೇಳಿದೆ. ಸರ್ಕಾರಿ ಭವಿಷ್ಯ ನಿಧಿ ಅವಲಂಬಿತರ ಕೈ ಸೇರಿದರೆ ಸತ್ತವನ ಸಾಲದ ಹಂಗಿಲ್ಲದೆ ಅವರದಾಗುತ್ತದೆ, 1925ರಷ್ಟು ಹಿಂದಿನ ಕಾಯಿದೆ ಅದು. ಕುಟುಂಬ ಪಿಂಚಣಿಗಂತೂ ಸಾಲಗಾರ ಕೈ ಹಾಕುವಂತೆಯೇ ಇಲ್ಲ. ಎಂದರೆ ನಾನು ಮೂರು ವರ್ಷ ತಿಂಗಳು ತಿಂಗಳೂ ಈಸಿಕೊಂಡದ್ದು, ಯಾವ ಬ್ಯಾಂಕೂ ಯಾವ ನ್ಯಾಯಾಲಯವೂ ಮುಟ್ಟಲಾಗದಿದ್ದ ಹಣ.

ಇದರಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದಿದೆ. ‘ಮಿತಾಕ್ಷರವನ್ನು ಬರೆದವರು ಯಾರು?’ ‘ವಿಜ್ಞಾನೇಶ್ವರ.’ ಒಂದು ಅಂಕ. ಮೂವತ್ತೈದು ವರ್ಷ ಈ ಪ್ರಶ್ನೆ ಕೇಳಿದ್ದೇನೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನ, ಇಂದಿನ ಬಸವಕಲ್ಯಾಣ, ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ, ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳಿಗೆ ಅದೇ ಆಧಾರ. ಇಷ್ಟನ್ನು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಳಗೆ ಏನಿದೆಯೆಂದು ತೆರೆದು ನೋಡಿದವನಲ್ಲ. ನೋಡಿದರೆ, ತಂದೆಯ ಸಾಲ ಮಗ ತೀರಿಸಬೇಕೆಂಬುದಕ್ಕೆ ಆಧಾರ ಅಲ್ಲಿಯೇ ಇದೆ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು, ಜೊತೆಗೆ ಈ ಹೊಣೆ. ಮೊಮ್ಮಗನಾದರೆ ಅಸಲು ಮಾತ್ರ, ಬಡ್ಡಿಯಿಲ್ಲ ಎಂಬ ಸ್ಮೃತಿಗಳ ಮಾತೂ ಇದೆ. ತಂದೆ ಕುಡಿತಕ್ಕೆ, ಜೂಜಿಗೆ, ಹೆಣ್ಣಿನ ಚಟಕ್ಕೆ ಮಾಡಿದ ಸಾಲವನ್ನು ಮಗ ತೀರಿಸಬೇಕಿಲ್ಲ ಎಂದೂ ಇದೆ. ಆದರೆ ಹೆಂಡತಿಯ ವಿಷಯದಲ್ಲಿ ಯಾಜ್ಞವಲ್ಕ್ಯ ಹೇಳುವುದೇನು? ಕುಟುಂಬಕ್ಕಾಗಿ ಮಾಡಿದ್ದಲ್ಲದ ಗಂಡನ ಸಾಲವನ್ನು ಅವಳು ತೀರಿಸಬೇಕಿಲ್ಲ. ತಾನೇ ಮಾಡಿದ್ದು, ಗಂಡನ ಜೊತೆ ಸೇರಿ ಮಾಡಿದ್ದು, ಮತ್ತು ತೀರಿಸುತ್ತೇನೆಂದು ತಾನು ಒಪ್ಪಿಕೊಂಡದ್ದು, ಇವು ಮಾತ್ರ ಅವಳ ಸಾಲ. ಒಪ್ಪಿಕೊಂಡದ್ದು! ನಾನು ಸ್ಟಾಂಪು ಅಂಟಿಸಿ ಒಯ್ದದ್ದು ಅದೇ ಒಪ್ಪಿಗೆಯನ್ನು. ಆ ಕಾಗದ ಇಂದಿನ ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತೋ ಇಲ್ಲವೋ ಬೇರೆ ಮಾತು. ಅವರು ನ್ಯಾಯಾಲಯಕ್ಕೆ ಹೋಗುವವರಲ್ಲ ಎಂಬುದು ನನಗೆ ಗೊತ್ತಿತ್ತಲ್ಲ.

ಗಂಡುಮಕ್ಕಳ ಆ ಧಾರ್ಮಿಕ ಹೊಣೆಯೂ ಈಗ ಉಳಿದಿಲ್ಲ. ಹಿಂದೆ ಧಾರವಾಡ, ಬೆಳಗಾವಿ, ವಿಜಯಪುರಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ, ಅಪ್ಪ ಅಜ್ಜಂದಿರು ಬಿಡಿಗಾಸೂ ಬಿಡದೆ ಸತ್ತರೂ ಮಗ ಮೊಮ್ಮಕ್ಕಳು ಸ್ವಂತ ದುಡಿಮೆಯಿಂದ ಸಾಲ ತೀರಿಸಬೇಕಾಗಿತ್ತಂತೆ. 1866ರಲ್ಲಿ ಕಾಯಿದೆ ಮಾಡಿ, ಬಂದ ಆಸ್ತಿಯ ಮಟ್ಟಿಗೆ ಎಂದು ಮಿತಿ ಹಾಕಿದರು. ಕೊನೆಗೆ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಿಂದೀಚೆಗೆ ಮಾಡಿದ ಸಾಲಕ್ಕೆ, ಮಗನೆಂಬ ಒಂದೇ ಕಾರಣದಿಂದ ಮಗನನ್ನು ಹಿಡಿಯುವಂತಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದೂ ಅದೇ ಕಲಮು. ಪಾಲಿನ ಮಾತು ಎಲ್ಲರಿಗೂ ಗೊತ್ತು, ಸಾಲದ ಮಾತು ಯಾರಿಗೂ ಗೊತ್ತಿಲ್ಲ.

2022ರ ಜನವರಿಯಲ್ಲಿ ನಾನು ಆ ತಾಯಿಯನ್ನು ಹುಡುಕಿಕೊಂಡು ಹೋದೆ. ಕಡೂರಿನಲ್ಲಿ ಮಗನ ಜೊತೆ ಇದ್ದರು. ತಲೆ ಪೂರ್ತಿ ನರೆತಿತ್ತು, ಆದರೂ ಗುರುತು ಹಿಡಿದು ‘ಬನ್ನಿ ಮೇಷ್ಟ್ರೇ’ ಎಂದರು. ಈ ಬಾರಿ ಕುರ್ಚಿ ಇತ್ತು. ಹೇಗೆ ಶುರು ಮಾಡುವುದೆಂದು ತಿಳಿಯದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಲಕೋಟೆಯನ್ನು ಮುಂದಿಟ್ಟೆ.

‘ಎಷ್ಟಿದೆ ಇದರಲ್ಲಿ?’

‘ಐವತ್ತು ಸಾವಿರ.’

‘ನಾನು ಕೊಟ್ಟದ್ದು ಹದಿನೆಂಟು.’

‘ಬಡ್ಡಿ ಸೇರಿಸಿದ್ದೇನೆ ತಾಯಿ.’

ಅವರು ಸ್ವಲ್ಪ ನಕ್ಕರು. ‘ನಮ್ಮವರು ಇದ್ದಿದ್ದರೆ ಬಡ್ಡಿ ಲೆಕ್ಕ ಸರಿಯಾಗಿ ಹಾಕುತ್ತಿದ್ದರು’ ಎಂದರು. ಆಮೇಲೆ, ‘ಕೊಡಬೇಕಾದ್ದಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ನಮ್ಮಣ್ಣ ಹಾಸನದಲ್ಲಿ ವಕೀಲರ ಹತ್ರ ಗುಮಾಸ್ತನಾಗಿದ್ದ, ಅವನು ಹೇಳಿದ್ದ’ ಎಂದರು.

ನಾನು ದಂಗಾದೆ. ‘ಮತ್ತೆ ಯಾಕೆ ಕೊಟ್ಟಿರಿ?’

‘ಮಗಳು ನಿಮ್ಮ ಕ್ಲಾಸಲ್ಲಿದ್ದಳಲ್ಲ. ಹತ್ತನೇ ಕ್ಲಾಸು ಮುಗಿಯೋವರೆಗೂ ನಿಮ್ಮ ಕಣ್ಣ ಮುಂದೆ ಇರಬೇಕಾದೋಳು. ಮುಂದಿನ ವರ್ಷ ಮಗ ಬರೋನಿದ್ದ. ಬೇಡ ಅಂತ ಹೇಗೆ ಹೇಳೋದು?’

ನಾನೆಂದೂ ಆ ಮಗುವಿನ ಮೇಲೆ ಹಾಗೆ ಸಾಧಿಸುವವನಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅವರಿಗೆ ಅದು ಹೇಗೆ ಗೊತ್ತಾಗಬೇಕಾಗಿತ್ತು?

‘ನಾನು ದುಡ್ಡು ಕೊಡಲು ಬರುವ ದಿನ ಅವಳು ಶಾಲೆಗೆ ಹೋಗ್ತಿರಲಿಲ್ಲ’ ಎಂದರು. ‘ಹೊಟ್ಟೆನೋವು ಅನ್ನೋಳು. ನಿಮಗೆ ಗೊತ್ತಿತ್ತಾ?’

ಹಾಜರಿ ಪುಸ್ತಕ ನನ್ನ ಕೈಯಲ್ಲಿಯೇ ಇತ್ತು. ನನಗೆ ಗೊತ್ತಿರಲಿಲ್ಲ.

ಅವರು ಲಕೋಟೆಯನ್ನು ತೆಗೆದುಕೊಂಡರು. ಬೇಡವೆನ್ನಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ‘ಆ ಕಾಗದ ಇದೆಯಾ?’ ಎಂದು ಕೇಳಿದರು. ಡೈರಿಯೊಳಗೆ ಇಟ್ಟುಕೊಂಡು ಬಂದಿದ್ದೆ, ಕೊಟ್ಟೆ. ಕನ್ನಡಕ ಹಾಕಿಕೊಂಡು ಒಮ್ಮೆ ಓದಿ, ನಾಲ್ಕಾಗಿ ಮಡಿಚಿ ಲಕೋಟೆಯ ಜೊತೆಯಲ್ಲಿಯೇ ಬೀರುವಿನಲ್ಲಿಟ್ಟರು. ಕಾಫಿ ತಂದುಕೊಟ್ಟರು. ಮಗಳು ಮೈಸೂರಿನಲ್ಲಿದ್ದಾಳೆ, ಕಾಲೇಜಿನಲ್ಲಿ ಗಣಿತವನ್ನೇ ಪಾಠ ಮಾಡುತ್ತಾಳೆ ಎಂದರು.

ಹೊರಡುವಾಗ, ‘ಅವಳ ನಂಬರು ಕೊಟ್ಟರೆ ನಾನೇ ಫೋನು ಮಾಡಿ ಒಂದು ಮಾತು ಹೇಳುತ್ತೇನೆ’ ಎಂದೆ.

‘ಬೇಡ ಮೇಷ್ಟ್ರೇ’ ಎಂದರು. ‘ನಾನೇ ಹೇಳ್ತೀನಿ.’